ಶನಿವಾರದವರೆಗೆ ಮುಟ್ಟಬಾರದ ಮೀನು

ಹೊರಡುವ ಮೊದಲು, ಶಿರಿಯ

ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಉಪ್ಪ ಬಂದು ಬಟ್ಟೆಗಳ ಮೇಲೆ ಒಂದು ಬಾಟಲಿ ಇಟ್ಟರು. ಖಾಲಿ ನೀರಿನ ಬಾಟಲಿ. ಅದರ ನಡುವಿಗೆ ನೈಲಾನ್ ದಾರ ಒತ್ತೊತ್ತಾಗಿ ಸುತ್ತಿತ್ತು. ದಾರದ ತುದಿಗೆ ಗಾಳ. ಗಾಳದ ಮೊನೆ ನನ್ನ ಅಂಗಿಗೆ ಸಿಕ್ಕದಿರಲೆಂದು ಅದನ್ನು ಥರ್ಮೊಕೋಲಿನ ತುಂಡೊಂದಕ್ಕೆ ಚುಚ್ಚಿದ್ದರು.

“ಹೋಗುವಲ್ಲಿ ಹೊಳೆ ಉಂಟಾ?”

“ಹೊಳೆ ಅಲ್ಲ ಉಪ್ಪ, ಕೆರೆ.”

“ಕೆರೆಯಲ್ಲಿ ಮೀನು ಉಂಟಲ್ಲ?”

“ಮೀನು ಹಿಡಿಯಲಿಕ್ಕೇ ಕರೆದದ್ದು ಅವರು.”

“ಹಾಗಾದರೆ ಇದು ಇರಲಿ. ಒಂದು ಹಿಡಿದು ಫೋಟೋ ಕಳಿಸು. ನಾನೂ ನೋಡ್ತೇನೆ.”

ನಮ್ಮ ಮನೆಮಾತು ಬ್ಯಾರಿ, ಅದರಲ್ಲಿ ಉಪ್ಪ ಎಂದರೆ ಅಪ್ಪ, ಉಮ್ಮ ಎಂದರೆ ಅಮ್ಮ. ಓದಿದ್ದು ಕನ್ನಡ ಮಾಧ್ಯಮದಲ್ಲಿ, ಹಾಗಾಗಿ ಬರೆಯುವಾಗ ಉಪ್ಪನ ಮಾತೂ ಕನ್ನಡದಲ್ಲೇ ಬರುತ್ತದೆ. ಆದರೆ ಮೀನು ಹಿಡಿ ಎಂಬ ಮಾತು ಅವರ ಬಾಯಿಂದ ಬಂದದ್ದು ನನಗೆ ಯಾಕೆ ಅಷ್ಟು ದೊಡ್ಡದೆಂಬುದನ್ನು ಮಾತ್ರ ಬಿಡಿಸಿ ಹೇಳಬೇಕು.

ಶಿರಿಯ ಹೊಳೆಯಲ್ಲಿ ಬಲೆ ಬೀಸಿ ಬದುಕಿದ ಮನೆ ನಮ್ಮದು. ಆ ಮನೆಯಿಂದ ಮೊದಲು ಪದವಿ ಪಡೆದವನು ನಾನು. ಬಿ.ಎಸ್ಸಿ., ಪ್ರಾಣಿಶಾಸ್ತ್ರ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಅದು ಸುಮ್ಮನೆ ಬಂದದ್ದಲ್ಲ. ಆದರೆ ಮೀನು ಹಿಡಿಯುವವರ ಮಗನಾದ ನಾನು ನಲವತ್ತು ದಾಟಿದರೂ ಒಂದು ಮೀನು ಹಿಡಿದವನಲ್ಲ. ಉಪ್ಪ ಬಿಡಲಿಲ್ಲ. ಹೊಳೆಯ ಬದಿಗೆ ಕಾಲಿಟ್ಟರೆ ದೋಣಿ ನೂಕುವ ಬಿದಿರುಕೋಲು ಹಿಡಿದು ಅಟ್ಟಿಕೊಂಡು ಬರುತ್ತಿದ್ದರು. ಪರೀಕ್ಷೆಯ ದಿನಗಳಲ್ಲಿ ಜಗಲಿಯ ತುದಿಯಲ್ಲಿ ಬಲೆ ಹೊಲಿಯುತ್ತಾ ಕುಳಿತು, ನನ್ನನ್ನು ಕರೆಯಲು ಬಂದ ಹುಡುಗರನ್ನು ಅದೇ ಕೋಲಿನಿಂದ ಓಡಿಸುತ್ತಿದ್ದರು. “ಅವನಿಗೆ ಓದ್ಲಿಕ್ಕುಂಟು. ನಡೀರಿ, ನಡೀರಿ.” ಒಮ್ಮೆ ನನ್ನ ಪುಸ್ತಕದಲ್ಲಿ ಮೀನಿನ ಚಿತ್ರ ಕಂಡು, “ಇದಕ್ಕೂ ಪರೀಕ್ಷೆ ಉಂಟಾ?” ಎಂದು ಕೇಳಿ ಬಹಳ ಹೊತ್ತು ನಕ್ಕಿದ್ದರು.

ಅಂಥವರು ಈಗ ತಾವಾಗಿಯೇ ಗಾಳ ಕೊಟ್ಟಿದ್ದರು. ಇನ್ನು ನಾನು ಕೆನಡಾದಲ್ಲಿ ಏನು ನೋಡಿದರೂ ಬಿಟ್ಟರೂ, ಒಂದು ಮೀನಿನ ಫೋಟೋ ಕಳಿಸದೆ ಇರುವಂತಿರಲಿಲ್ಲ.

ದಾರಿಯ ಅಂಗಡಿ

ಕರೆದವರು ವಾಲ್ಟರ್ ಸರ್. ಶಾರ್ಜಾದಲ್ಲಿ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನಮ್ಮ ಮೇಲಿನವರಾಗಿದ್ದವರು. ನಿವೃತ್ತರಾಗಿ ಒಂಟಾರಿಯೊ ಪ್ರಾಂತದ ಒಂದು ಸಣ್ಣ ಕೆರೆಯ ದಡದಲ್ಲಿ ಒಬ್ಬರೇ ಇದ್ದಾರೆ. ಕೆರೆಯ ಹೆಸರು ಬರೆಯಕೂಡದೆಂದು ಅವರ ಕಟ್ಟಪ್ಪಣೆ. ಮೀನು ಸಿಗುವ ನೀರಿನ ಹೆಸರನ್ನು ಅಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲವಂತೆ. ಇದೊಂದು ಮಾತ್ರ ನನಗೆ ತಟ್ಟನೆ ಅರ್ಥವಾಯಿತು. ಶಿರಿಯದಲ್ಲಿಯೂ ಹೀಗೆಯೇ. ಬುಟ್ಟಿ ತುಂಬ ಮೀನು ತಂದವನನ್ನು ಎಲ್ಲಿ ಸಿಕ್ಕಿತೆಂದು ಕೇಳಿದರೆ, “ನೀರಿನಲ್ಲಿ” ಎನ್ನುತ್ತಾನೆ.

ಆಮೇಲೆ ಅರ್ಥವಾದದ್ದು ಕಡಿಮೆ.

ನನ್ನ ಜೊತೆಗೆ ಬಂದವನು ಬದಿಯಡ್ಕದ ಗಣಪತಿ ಭಟ್ಟ. ಕಾಲೇಜಿನಲ್ಲಿ ಒಂದೇ ಬೆಂಚು, ಶಾರ್ಜಾದಲ್ಲಿ ಒಂದೇ ಪ್ರಯೋಗಾಲಯ. ಶುದ್ಧ ಸಸ್ಯಾಹಾರಿ. ಪ್ರಾಕ್ಟಿಕಲ್ ತರಗತಿಯಲ್ಲಿ ಅವನು ಮೂಗು ಹಿಡಿದು ನಿಲ್ಲುತ್ತಿದ್ದ, ನನ್ನ ಮೀನನ್ನೂ ಅವನ ಮೀನನ್ನೂ ಕೊಯ್ಯುವವನು ನಾನೇ. ಮೀನಿನ ಕೆರೆಗೆ ನೀನು ಯಾಕೆ ಬರುತ್ತಿ ಎಂದು ಕೇಳಿದ್ದಕ್ಕೆ, “ತಣ್ಣಗೆ ಕೂತ್ಕೊಳ್ಳಲಿಕ್ಕೆ ಮಾರಾಯ. ಶಾರ್ಜಾದಲ್ಲಿ ಬೆಂದದ್ದು ಸಾಲದಾ?” ಎಂದಿದ್ದ.

ನಮ್ಮನ್ನು ಕರೆದೊಯ್ಯುತ್ತಿದ್ದ ವಾಲ್ಟರ್ ಸರ್ ಅವರ ಕಾರು ಕಾಡಿನ ನಡುವೆ ಒಂದು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ನಿಂತಿತು. ಭಟ್ಟನಿಗೆ ಮೊಸರು ಬೇಕಿತ್ತು. ಫ್ರಿಜ್ಜಿನಲ್ಲಿ ಹಾಲಿನ ಪಕ್ಕದಲ್ಲಿದ್ದ ಬಿಳಿ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಸರಿಸಿ ನೋಡಿದವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೆಯೇ ನಿಂತ.

“ಹನೀಫಾ, ಇಲ್ಲಿ ಬಾ. ಇದಕ್ಕೆ ಜೀವ ಉಂಟು.”

ಕಪ್ಪು ಮಣ್ಣಿನಲ್ಲಿ ಎರೆಹುಳಗಳು ಹೊರಳುತ್ತಿದ್ದವು. ಗಲ್ಲೆಯ ಹಿಂದಿದ್ದ ಹೆಂಗಸು ನಗುತ್ತಾ, ಬೆಳಿಗ್ಗೆಯಷ್ಟೇ ಬಂದದ್ದು, ತಾಜಾ, ಎಂದಳು. ನಮ್ಮಲ್ಲಿ ಮೀನಂಗಡಿಯ ಗಾಳಿ ಬೀಸಿತೆಂದು ಹೋಟೆಲಿನವನು ಜಗಳಕ್ಕೆ ಬರುತ್ತಾನೆ. ಇಲ್ಲಿ ಹುಳವೂ ಬೆಣ್ಣೆಯೂ ನೆರೆಹೊರೆ. ಭಟ್ಟ ಆ ಇಡೀ ವಾರ ಮೊಸರು ಮುಟ್ಟಲಿಲ್ಲ. ವಾಲ್ಟರ್ ಸರ್ ಆ ಡಬ್ಬಿಯನ್ನೇ ಕೊಂಡರು.

ಅಂಗಡಿಯ ಇನ್ನೊಂದು ಗೋಡೆಯ ತುಂಬ ರಬ್ಬರಿನ ಕಪ್ಪೆ, ರಬ್ಬರಿನ ಏಡಿ, ಬಣ್ಣ ಬಳಿದ ಮರದ ಮೀನು. ಮಕ್ಕಳ ಆಟಿಕೆಯೆಂದುಕೊಂಡು ತಂಗಿಯ ಮಗಳಿಗೆ ಒಂದು ಕಪ್ಪೆ ತೆಗೆದುಕೊಳ್ಳಲು ಹೋದೆ. ಅದರ ಹೊಟ್ಟೆಯಲ್ಲಿ ಗಾಳದ ಎರಡು ಮುಳ್ಳುಗಳಿದ್ದವು. ಅವೆಲ್ಲವೂ ಬಾಸ್ ಎಂಬ ಮೀನನ್ನು ಹಿಡಿಯಲಿಕ್ಕೆ. ದೊಡ್ಡ ಬಾಯಿಯ, ಹಸಿರು ಮೈಯ, ಪಕ್ಕೆಯಲ್ಲಿ ಕಪ್ಪು ಪಟ್ಟಿಯಿರುವ ಮೀನು. ಅದು ಹಸಿವಾದರೂ ಕಚ್ಚುತ್ತದೆ, ಸಿಟ್ಟು ಬಂದರೂ ಕಚ್ಚುತ್ತದೆ ಎಂದು ವಾಲ್ಟರ್ ಸರ್ ಕಾರು ಓಡಿಸುತ್ತಾ ವಿವರಿಸಿದರು.

“ಶನಿವಾರ ಸೀಸನ್ ಶುರು,” ಎಂದರು. ಮತ್ತೆ ಸ್ವಲ್ಪ ದೂರ ಹೋಗಿ, “ಶನಿವಾರ ಬೆಳಿಗ್ಗೆ ನೋಡಿ, ಕೆರೆಯ ತುಂಬ ದೋಣಿ.” ಮತ್ತೆ, “ಶನಿವಾರಕ್ಕೇ ನೀವು ಬಂದದ್ದು ನನಗೆ ಎಷ್ಟು ಸಂತೋಷ.”

“ಹಿಡಿದ ಮೀನನ್ನು ಹೇಗೆ ಅಡುಗೆ ಮಾಡ್ತೀರಿ ಸರ್?” ಎಂದು ಕೇಳಿದೆ. ಉಮ್ಮ ಅರೆದು ಒಣಗಿಸಿ ಕಟ್ಟಿಕೊಟ್ಟ ಮಸಾಲೆ ಪೆಟ್ಟಿಗೆಯಲ್ಲಿತ್ತು.

“ಅಡುಗೆಯಾ? ಇಲ್ಲ, ಇಲ್ಲ. ಬಿಡುತ್ತೇವೆ.”

“ಎಲ್ಲಿಗೆ?”

“ಕೆರೆಗೆ.”

ಹಿಂದಿನ ಸೀಟಿನಿಂದ ಭಟ್ಟ ಕನ್ನಡದಲ್ಲಿ, “ಎಂತ ಹೇಳ್ತಾರೆ?” ಎಂದ.

“ಹಿಡಿದು ವಾಪಸ್ ಬಿಡುವುದಂತೆ.”

“ಮತ್ತೆ ಹಿಡಿಯುವುದು ಯಾಕೆ?”

“ಗೊತ್ತಿಲ್ಲ.”

“ಇದು ಅಕ್ಕಿ ಬೇಯಿಸಿ ಪುನಃ ಭತ್ತ ಮಾಡಿದ ಹಾಗೆ ಆಯ್ತಲ್ಲ. ನೀವು ತಿಂತೀರಿ, ಸರಿ, ಒಂದು ಕಾರಣ ಉಂಟು. ನಾವು ಮುಟ್ಟುವುದಿಲ್ಲ, ಅದಕ್ಕೂ ಒಂದು ಕಾರಣ ಉಂಟು. ಇವರು ಯಾವ ಪೈಕಿ?”

ಈ ಪ್ರಶ್ನೆಯನ್ನು ವಾಲ್ಟರ್ ಸರ್‌ಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಗೊತ್ತಾಗದೆ, ಕಾಡು ಬಹಳ ಚಂದ ಇದೆ ಎಂದೆ.

ಬುಧವಾರ, ಕೆರೆ

‘ಸಣ್ಣ ಕೆರೆ’ ಎಂದದ್ದು ಇದನ್ನೇನಾ ಎಂದು ಸರ್ ಹತ್ತಿರ ಎರಡು ಸಲ ಕೇಳಿದೆವು. ನಮ್ಮ ದೇವಸ್ಥಾನದ ಕೆರೆ, ಪಂಚಾಯತಿನ ಕೆರೆ ಕಣ್ಣಲ್ಲಿಟ್ಟುಕೊಂಡು ಹೋದವರು ನಾವು. ಇದರ ಆಚೆ ದಡದಲ್ಲಿದ್ದ ಮನೆ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಇದು ಸಣ್ಣದಾದರೆ ದೊಡ್ಡದನ್ನು ಏನೆನ್ನುತ್ತಾರೋ.

ಮನೆಯಿಂದ ನೀರಿನ ಮೇಲಕ್ಕೆ ಮರದ ಹಲಗೆಗಳ ಒಂದು ಕಾಲುಸೇತುವೆ ಚಾಚಿತ್ತು. ಅದಕ್ಕೆ ಡಾಕ್ ಎನ್ನುತ್ತಾರೆ. ದಾಟಿ ಹೋಗಲು ಅಲ್ಲ, ತುದಿಯಲ್ಲಿ ಕುಳಿತು ಬರಲು. ಅದರ ಮೇಲೆ ಕುಳಿತೆವು. ಹಾದುಹೋದ ಪ್ರತಿಯೊಂದು ದೋಣಿಯವನೂ ಕೈಬೀಸಿದ. ಪರಿಚಯದವರಿರಬೇಕೆಂದು ನಾನು ಪ್ರತಿ ಸಲ ಎದ್ದು ನಿಂತು ಕೈಬೀಸಿದೆ. ಯಾರಿಗೂ ಯಾರ ಪರಿಚಯವೂ ಇರಲಿಲ್ಲ.

ಹೊತ್ತು ಮುಳುಗುವುದನ್ನೇ ಕಾಯುತ್ತಿದ್ದೆ, ಮಗ್ರಿಬ್ ನಮಾಜಿಗೆ. ಊರಲ್ಲಾದರೆ ಊಟ ಮುಗಿದು ಚಾಪೆ ಹಾಸುವ ಹೊತ್ತಾಯಿತು, ಇಲ್ಲಿ ಸೂರ್ಯ ಮರದ ಮೇಲೆ ಕುಳಿತೇ ಇದ್ದ. ನೀರಿನ ನಡುವಿನಿಂದ ಯಾರೋ ಬಿಕ್ಕಿ ಬಿಕ್ಕಿ ಅತ್ತಂತೆ ಕೇಳಿಸಿತು. ನಾವಿಬ್ಬರೂ ಎದ್ದೆವು. “ಹಕ್ಕಿ,” ಎಂದರು ವಾಲ್ಟರ್ ಸರ್, ಚಹಾದ ಲೋಟದಿಂದ ತಲೆಯೆತ್ತದೆ. “ಸಂತೋಷವಾದಾಗ ಹಾಗೆ ಕೂಗುತ್ತದೆ.”

“ದುಃಖವಾದರೆ ಎಂತ ಮಾಡ್ತದೋ,” ಎಂದ ಭಟ್ಟ.

ನನ್ನನ್ನು ತೋರಿಸಿ ವಾಲ್ಟರ್ ಸರ್ ನೆರೆಯ ಡೆನಿಸ್ ಎಂಬವರಿಗೆ, “ಇವರು ಮೀನುಗಾರರ ಮನೆತನದವರು. ಶನಿವಾರ ನಮಗೆಲ್ಲ ಇವರೇ ಗುರು,” ಎಂದು ಪರಿಚಯಿಸಿದರು. ಡೆನಿಸ್ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. ನಾನು ಮೀನು ಹಿಡಿದವನಲ್ಲ, ಮೀನಿನ ಬಗ್ಗೆ ಪರೀಕ್ಷೆ ಬರೆದವನು ಎಂದು ಹೇಳಬೇಕಿತ್ತು. ಕೈ ಬಿಡಿಸಿಕೊಳ್ಳುವುದರಲ್ಲಿಯೇ ಸಮಯ ಹೋಯಿತು.

ಗುರುವಾರ, ಡಾಕಿನ ತುದಿ

ಬೆಳಿಗ್ಗೆ ವಾಲ್ಟರ್ ಸರ್ ಪೇಟೆಗೆ ಹೋದರು. ಭಟ್ಟ ಅಂಗಳದಲ್ಲಿ ಕುರ್ಚಿ ಹಾಕಿ ಬಿಸಿಲು ಕಾಯುತ್ತಿದ್ದ. ನಾನು ಡಾಕಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ನೀರು ನೋಡುತ್ತಿದ್ದೆ. ಅಷ್ಟು ತಿಳಿ ನೀರನ್ನು ನಾನು ಪ್ರಯೋಗಾಲಯದ ಗಾಜಿನಲ್ಲಿ ಮಾತ್ರ ನೋಡಿದ್ದೆ.

ಹಲಗೆಯ ಹತ್ತಿರದಲ್ಲೇ, ಸೊಂಟದ ಆಳದಲ್ಲಿ, ಮೀನು ನಿಂತಿತ್ತು. ಹಸಿರು ಮೈ, ಕಪ್ಪು ಪಟ್ಟಿ, ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ. ಅದರ ಕೆಳಗೆ ಯಾರೋ ಪೊರಕೆಯಿಂದ ಗುಡಿಸಿದಂತೆ ಮರಳು ಬೆಳ್ಳಗಿತ್ತು. ನನ್ನ ನೆರಳು ಮೇಲೆ ಬಿತ್ತು. ಓಡಲಿಲ್ಲ. ಕೈ ಆಡಿಸಿದೆ. ಓಡಲಿಲ್ಲ.

ಜೂನ್ ತಿಂಗಳಲ್ಲಿ ಓಡದ ಮೀನನ್ನು ಕಂಡರೆ ನಮ್ಮೂರಿನವರ ಕೈ ಸುಮ್ಮನಿರುವುದಿಲ್ಲ. ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೀನು ಹತ್ತಿ ಬರುತ್ತದೆ. ಆಗ ಅದಕ್ಕೆ ಮೈಮೇಲೆ ಎಚ್ಚರವಿರುವುದಿಲ್ಲ. ಬುಟ್ಟಿ, ಕತ್ತಿ, ಹಳೆಯ ಸೊಳ್ಳೆಪರದೆ, ಸಿಕ್ಕಿದ್ದು ಹಿಡಿದು ಊರೇ ಇಳಿಯುತ್ತದೆ. ಹಿಡಿಯಬಾರದೆಂದು ಸರಕಾರ ಹೇಳುತ್ತದೆ, ನಾವು ಕೇಳಿಸಿಕೊಳ್ಳುತ್ತೇವೆ, ಅಷ್ಟೆ. ನಾನು ಮಾತ್ರ ಆ ಮಳೆಯಲ್ಲೂ ಜಗಲಿಯಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಿದ್ದೆ.

ಶನಿವಾರದ ನೆನಪಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಆಯಿತು. ಶನಿವಾರ ಎಂದರೆ ಉದ್ಘಾಟನೆ ಎಂದು ತಿಳಿದಿದ್ದೆ. ನಮ್ಮಲ್ಲಿ ಸೇತುವೆಗೆ ಮಂತ್ರಿ ಬಂದು ರಿಬ್ಬನ್ ಕತ್ತರಿಸುವುದು ಒಂದು ದಿನ, ಬೈಕು, ಆಟೋ, ಮೀನಿನ ಟೆಂಪೋ ಓಡಲು ತೊಡಗುವುದು ಅದಕ್ಕಿಂತ ಎಷ್ಟೋ ಮೊದಲು. ಅದರಿಂದ ಮಂತ್ರಿಗೂ ಬೇಸರವಿಲ್ಲ, ಸೇತುವೆಗೂ ಬೇಸರವಿಲ್ಲ.

ಒಳಗೆ ಹೋಗಿ ಬಾಟಲಿಯನ್ನೂ ಹುಳದ ಡಬ್ಬಿಯನ್ನೂ ತಂದೆ. ಉಪ್ಪ ಮಾಡುವುದನ್ನು ದೂರದಿಂದ ನೋಡಿದ್ದಷ್ಟೇ ನನ್ನ ವಿದ್ಯೆ. ಹುಳ ಸಿಕ್ಕಿಸಿ ಇಳಿಬಿಟ್ಟೆ. ಮೀನು ಬಂದು ಹುಳವನ್ನು ತುಟಿಯಲ್ಲಿ ಕಚ್ಚಿ, ಸ್ವಲ್ಪ ಆಚೆ ಒಯ್ದು ಉಗುಳಿ ಬಂತು. ಮತ್ತೆ ಇಳಿಬಿಟ್ಟೆ. ಮತ್ತೆ ಒಯ್ದು ಉಗುಳಿತು. ಹಸಿವಿಲ್ಲದ ಮೀನು ಇದೆಂತಹದು ಎಂದುಕೊಂಡೆ. ಮತ್ತೊಮ್ಮೆ ಒಯ್ಯುವಾಗ ದಾರ ಎಳೆದೆ.

ಆ ಎಳೆತವನ್ನು ಹೇಗೆ ಹೇಳಲಿ? ಬಾಟಲಿ ಕೈಯಲ್ಲಿ ಗಿರಗಿರ ತಿರುಗಿತು. ದಾರ ಬೆರಳನ್ನು ಕೊಯ್ದಿತು. ನಾನು “ಉಪ್ಪಾ!” ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ, ಭಟ್ಟ ಹೇಳಿದ್ದು. ಅವನು ಓಡಿ ಬರುವಾಗ ಮೀನು ಹಲಗೆಯ ಮೇಲೆ ಬಡಿಯುತ್ತಿತ್ತು.

“ಅಯ್ಯೋ, ಎಂತದು ಮಾರಾಯ! ಇಷ್ಟು ದೊಡ್ಡದು!”

“ಫೋಟೋ ತೆಗೆ. ಬೇಗ ತೆಗೆ. ಉಪ್ಪನಿಗೆ ಕಳಿಸ್ಲಿಕ್ಕುಂಟು.”

“ನೀನು ನಗಬೇಡ, ನಿನ್ನ ಹಲ್ಲೇ ಕಾಣ್ತದೆ. ಮೀನು ಎತ್ತು.”

ಫೋಟೋ ತೆಗೆದ. ಬಕೆಟಿನಲ್ಲಿ ಕೆರೆಯ ನೀರು ತುಂಬಿ ಮೀನನ್ನು ಅದರಲ್ಲಿ ಬಿಟ್ಟೆ. ಸರ್ ಬಂದು ಜೀವಂತ ನೋಡಲಿ ಎಂದು. ಊರಿಗೆ ಕಳಿಸಲು ನೋಡಿದರೆ ಡಾಕಿನ ಮೇಲೆ ನೆಟ್‌ವರ್ಕ್ ಇರಲಿಲ್ಲ. ಅಷ್ಟರಲ್ಲಿ ಕಾರಿನ ಸದ್ದಾಯಿತು.

ವಾಲ್ಟರ್ ಸರ್ ಬಕೆಟಿನೊಳಗೆ ನೋಡಿದರು. ನಾನು ಹೊಗಳಿಕೆಗೆ ಕಾದು ನಿಂತೆ. ಅವರು ಬೈಯಲಿಲ್ಲ, ಕೂಗಲಿಲ್ಲ. ಮುಖ ಮಾತ್ರ ಬೆಳ್ಳಗಾಯಿತು. ಡಾಕಿನ ತುದಿಗೆ ಹೋಗಿ ಮೊಣಕಾಲೂರಿ ನೀರು ನೋಡಿದರು. “ಓ,” ಎಂದರು. ಮತ್ತೆ ನನ್ನ ಕಡೆ ತಿರುಗಿ, “ಸಾರಿ, ಹನೀಫ್. ನಾನು ಸರಿಯಾಗಿ ಹೇಳಬೇಕಿತ್ತು,” ಎಂದರು.

ತಪ್ಪು ಮಾಡಿದವನು ನಾನು, ಕ್ಷಮೆ ಕೇಳಿದವರು ಅವರು. ಬೈದಿದ್ದರೆ ನಿಂತು ಕೇಳುವುದು ನನಗೆ ಗೊತ್ತಿತ್ತು. ಇದಕ್ಕೆ ಹೇಗೆ ನಿಲ್ಲಬೇಕೆಂದು ಗೊತ್ತಾಗಲಿಲ್ಲ.

ಅವರು ಕೈಯನ್ನು ನೀರಿನಲ್ಲಿ ಒದ್ದೆ ಮಾಡಿಕೊಂಡು, ಕೂಸನ್ನು ಎತ್ತುವಂತೆ ಮೀನನ್ನು ಎತ್ತಿ, ಕೆರೆಗೆ ಇಳಿಸಿದರು. ಅದು ಒಮ್ಮೆ ವಾಲಿತು, ಸರಿಯಾಯಿತು, ಬಾಣದಂತೆ ಆಳಕ್ಕೆ ಹೋಯಿತು.

ಆಮೇಲೆ ಬೆರಳು ತೋರಿಸಿದರು. ಗುಡಿಸಿದ ಮರಳಿನ ಮೇಲೆ ಒಂದು ಕರಿ ಧೂಳಿನ ಮೋಡ ನಿಂತಿತ್ತು. ಬೆಳಿಗ್ಗೆಯೂ ಇತ್ತು, ನೀರಿನ ಕಸವೆಂದುಕೊಂಡಿದ್ದೆ. ಈಗ ಕಣ್ಣು ಕಿರಿದುಮಾಡಿ ನೋಡಿದರೆ ಆ ಧೂಳಿನ ಒಂದೊಂದು ಕಣಕ್ಕೂ ಬಾಲವಿತ್ತು.

“ಅದು ಗಂಡು,” ಎಂದರು ವಾಲ್ಟರ್ ಸರ್. “ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತದೆ. ಗೂಡು ಗುಡಿಸುವುದು, ಕಾಯುವುದು ಎಲ್ಲ ಗಂಡೇ. ಗೂಡಿಗೆ ಏನು ಬಿದ್ದರೂ ಕಚ್ಚಿ ಆಚೆ ಒಯ್ದು ಹಾಕುತ್ತದೆ. ಮರಿಗಳು ಚದುರಿ ಹೋಗುವವರೆಗೆ ಮುಟ್ಟಬಾರದೆಂದೇ ಸೀಸನ್ ಮುಚ್ಚುವುದು. ಅಕಸ್ಮಾತ್ ಹಿಡಿದರೂ ತಕ್ಷಣ ಬಿಡಬೇಕು. ಬಕೆಟಿಗೆ ಹಾಕುವಂತಿಲ್ಲ.”

ನಾನು ತಲೆ ತಗ್ಗಿಸಿದೆ. ಭಟ್ಟ ಮೆಲ್ಲಗೆ ನನ್ನ ಕಿವಿಯ ಹತ್ತಿರ, “ಪೇರೆಂಟಲ್ ಕೇರ್ ಇನ್ ಫಿಶಸ್,” ಎಂದ.

“ಬಾಯಿ ಮುಚ್ಚು.”

“ಫೈನಲ್ ಇಯರ್. ಎಸ್ಸೇ ಪ್ರಶ್ನೆ. ಗಂಡು ಮೀನು ಗೂಡು ಮಾಡಿ ಮರಿ ಕಾಯುವುದನ್ನು ಚಿತ್ರ ಸಮೇತ ಬರೆದವ ನೀನೇ ಅಲ್ವಾ? ಕ್ಲಾಸಿಗೇ ಹೆಚ್ಚು ಮಾರ್ಕು.”

“ಅದು ಬೇರೆ ಮೀನು.”

“ಮೀನು ಬೇರೆ. ಪ್ರಶ್ನೆ ಇದೇ.”

ಅದೇ ದಿನ, ಅದೇ ಜಾಗ

ಮಾತು ಮುಗಿಯುವ ಮೊದಲೇ ಅವು ಬಂದವು. ಅಂಗೈಯಗಲದ, ಕಿತ್ತಳೆ ಹೊಟ್ಟೆಯ, ನೋಡಲು ಬಹಳ ಚಂದದ ಮೀನುಗಳು. ಸನ್‌ಫಿಶ್ ಎನ್ನುತ್ತಾರೆ. ಜಲಸಸ್ಯಗಳ ಮರೆಯಿಂದ ಒಂದೊಂದಾಗಿ ಹೊರಬಂದು, ಮನೆಯಲ್ಲಿ ಯಜಮಾನನಿಲ್ಲವೆಂದು ಖಚಿತವಾದ ಮೇಲೆ, ಕರಿ ಧೂಳಿನ ಅಂಚಿಗೆ ಬಾಯಿ ಹಾಕಿದವು. ಮೋಡದ ಒಂದು ಮೂಲೆ ನೋಡುತ್ತಿದ್ದಂತೆ ಮಾಯವಾಯಿತು.

ನಾನು ಪ್ಯಾಂಟು ಮಡಚುವುದಕ್ಕೂ ನಿಲ್ಲದೆ ಅಂಗಳದಲ್ಲಿದ್ದ ಪೊರಕೆ ಹಿಡಿದು ನೀರಿಗೆ ಇಳಿದೆ. ಜೂನ್ ಆದರೂ ನೀರು ಐಸು. ಪೊರಕೆ ಆಡಿಸಿದೆ, ಅವು ಚದುರಿದವು. ನಿಲ್ಲಿಸಿದೆ, ಬಂದವು.

“ಹನೀಫ್, ಅಲ್ಲಿ ನಿಂತರೆ ಅದು ವಾಪಸ್ ಬರುವುದಿಲ್ಲ,” ಎಂದರು ವಾಲ್ಟರ್ ಸರ್ ದಡದಿಂದ.

“ಮೇಲೆ ಬಂದರೆ ಇವು ತಿಂತಾವೆ ಸರ್.”

“ಹೌದು.”

“ಮತ್ತೆ ಎಂತ ಮಾಡುವುದು?”

“ಗೊತ್ತಿಲ್ಲ,” ಎಂದರು. ಆ ದೇಶದಲ್ಲಿ ಪೂರ್ತಿ ಅರ್ಥವಾದ ಉತ್ತರ ಅದೊಂದೇ.

ನಾನು ಕಾದರೆ ಕಾಯಬೇಕಾದವನು ಬರುವುದಿಲ್ಲ. ಕಾಯದಿದ್ದರೆ ಅವನು ಬರುವ ಹೊತ್ತಿಗೆ ಕಾಯಲು ಏನೂ ಉಳಿದಿರುವುದಿಲ್ಲ. ಸೊಂಟದವರೆಗೆ ತಣ್ಣೀರಿನಲ್ಲಿ ನಿಂತು, ಎತ್ತಿದ ಪೊರಕೆ ಎತ್ತಿಕೊಂಡೇ, ನಾನು ಆಚೆಗೂ ಹೋಗಲಾರೆ ಈಚೆಗೂ ಬರಲಾರೆ. ಹಾದುಹೋದ ದೋಣಿಯವನು ಕೈಬೀಸಿದ. ಪೊರಕೆಯಲ್ಲೇ ಉತ್ತರ ಕೊಟ್ಟೆ.

ದಾರಿ ಕಂಡವನು ಭಟ್ಟ. ಮನೆಯ ಹಿಂದೆ ಮಾಡಿನ ನೀರಿನ ಕೊಳವೆಯಿಂದ ಎಲೆ ತೆಗೆಯುವ ಉದ್ದದ ಅಲ್ಯೂಮಿನಿಯಂ ಕೋಲೊಂದಿತ್ತು. ಅದನ್ನು ಹೊತ್ತು ತಂದ. “ಮೇಲೆ ಬಾ. ಇದು ನಮ್ಮ ದೋಟಿಯ ಹಾಗೇ ಉಂಟು.” ದೋಟಿ ಎಂದರೆ ನೆಲದಲ್ಲಿ ನಿಂತು ಮರದ ಮೇಲಿನ ಅಡಿಕೆ ಗೊನೆ ಇಳಿಸುವ ಉದ್ದನೆಯ ಕೋಲು. ರಜೆಯಲ್ಲೆಲ್ಲ ಅದನ್ನು ಹಿಡಿದು ಬೆಳೆದವನು ಅವನು. ಡಾಕಿನ ಬುಡದಲ್ಲಿ, ನೆರಳು ನೀರಿಗೆ ಬೀಳದಷ್ಟು ಹಿಂದೆ ಕುಳಿತು, ಅಷ್ಟು ದೂರದ ಕೋಲಿನ ತುದಿಯನ್ನು ಒಂದು ಸನ್‌ಫಿಶ್‌ನ ಮೂತಿಯ ಮುಂದೆ ಹೂವಿಟ್ಟಂತೆ ಇಟ್ಟ. ಅದು ಹಿಂದೆ ಸರಿಯಿತು. ಮರಿಗಳ ಮೋಡ ಅಲುಗಲಿಲ್ಲ.

“ಮೀನು ಮುಟ್ಟದ ಜನ ನೀವು,” ಎಂದೆ, ಹಲ್ಲು ಕಟಕಟಿಸುತ್ತಾ.

“ಈಗಲೂ ಮುಟ್ಟಲಿಲ್ಲ. ಕೋಲು ಮುಟ್ಟಿದ್ದು. ನೀನು ಹೋಗಿ ಬಟ್ಟೆ ಬದಲಿಸು, ಆಮೇಲೆ ನಿನ್ನ ಪಾಳಿ.”

ಸಂಜೆಯವರೆಗೆ ಪಾಳಿ ಮಾಡಿದೆವು. ವಾಲ್ಟರ್ ಸರ್ ಚಹಾ ತಂದರು, ಆಮೇಲೆ ಕಂಬಳಿ ತಂದರು, ಆಮೇಲೆ ತಾವೂ ಕುಳಿತರು. ಡೆನಿಸ್ ತಮ್ಮ ಡಾಕಿನಿಂದ, ಏನು ಮಾಡುತ್ತಿದ್ದೀರಿ ಎಂದು ಕೂಗಿ ಕೇಳಿದರು. ವಾಲ್ಟರ್ ಸರ್ ಸ್ವಲ್ಪ ಯೋಚಿಸಿ, “ಬೇಬಿಸಿಟ್ಟಿಂಗ್,” ಎಂದರು.

ಮೀನು ಬರಲಿಲ್ಲ. ಸನ್‌ಫಿಶ್‌ಗಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ, ಅವೂ ಮಲಗುತ್ತವೆ ಎಂದು ಸರ್ ಹೇಳಿದ ಮೇಲೆ ಎದ್ದೆವು. ಮನೆಯೊಳಗೆ ನೆಟ್‌ವರ್ಕ್ ಇತ್ತು. ಫೋಟೋ ತೆರೆದು ನೋಡಿದೆ. ಮೀನು ಸ್ಪಷ್ಟವಾಗಿತ್ತು, ನನ್ನ ಹಲ್ಲೂ ಸ್ಪಷ್ಟವಾಗಿತ್ತು. ಕಳಿಸಲಿಲ್ಲ.

ಶುಕ್ರವಾರ

ಬೆಳಕು ಹರಿಯುವಾಗ ಡಾಕಿಗೆ ಹೋದೆ. ಹಲಗೆಯ ಮೇಲೆ ತೆವಳಿಕೊಂಡು, ತಲೆಯಷ್ಟೇ ಚಾಚಿ ನೋಡಿದೆ.

ಮೋಡ ನಿನ್ನೆಗಿಂತ ಸಣ್ಣದಾಗಿತ್ತು, ಆದರೆ ಇತ್ತು. ಅದರ ಕೆಳಗೆ, ಗುಡಿಸಿದ ಮರಳಿನ ಮೇಲೆ, ಹಸಿರು ಮೈ, ಕಪ್ಪು ಪಟ್ಟಿ. ತುಟಿಯ ಬದಿಯಲ್ಲಿ ಗಾಳ ಕಿತ್ತ ಬಿಳಿ ಗಾಯ. ರೆಕ್ಕೆಗಳನ್ನು ಮೆಲ್ಲಗೆ ಬೀಸುತ್ತಾ ನಿಂತಿತ್ತು. ನನ್ನ ತಲೆಯ ನೆರಳು ಬಿದ್ದಾಗ ಅದು ಓಡಲಿಲ್ಲ. ನನ್ನ ಕಡೆಗೆ ತಿರುಗಿ, ಒಂದು ಗೇಣು ಮುಂದೆ ಬಂತು.

ನಿನ್ನೆ ತನ್ನನ್ನು ಎಳೆದು ಹಲಗೆಗೆ ಬಡಿದವನು ಇವನೇ ಎಂದು ಅದಕ್ಕೆ ಗೊತ್ತಿತ್ತೋ ಇಲ್ಲವೋ. ನಾನು ಬಂದ ಹಾಗೆಯೇ ತೆವಳಿಕೊಂಡು ಹಿಂದೆ ಹೋದೆ.

“ಬಂತಾ?” ಎಂದ ಭಟ್ಟ, ಬಾಗಿಲಲ್ಲಿ ಕಂಬಳಿ ಹೊದ್ದು ನಿಂತು.

“ಬಂತು.”

“ಹಾಗಾದರೆ ಇವತ್ತು ಮೊಸರು ತಿನ್ನಬಹುದು,” ಎಂದ. ಆದರೆ ತಿನ್ನಲಿಲ್ಲ.

ಶನಿವಾರ

ಸೂರ್ಯ ಮೂಡುವಾಗ ಕೆರೆಯ ತುಂಬ ದೋಣಿಗಳ ಗುಡುಗುಡು. ನಿನ್ನೆಯವರೆಗೆ ಪೂಜೆಯ ಸಾಮಾನಿನಂತೆ ಯಾರೂ ಮುಟ್ಟದೆ ಇಟ್ಟ ಮೀನುಗಳನ್ನು ಇವತ್ತು ಎಲ್ಲರೂ ಎಳೆಯುತ್ತಿದ್ದರು. ಹಿಡಿಯುವುದು, ತುಟಿ ಹಿಡಿದು ಎತ್ತುವುದು, ಅಳೆಯುವುದು, ಫೋಟೋ, ವಾಪಸ್ ನೀರಿಗೆ. ಕೆಲವರು ಬಿಡುವ ಮೊದಲು ಮೀನಿಗೆ ಥ್ಯಾಂಕ್ಸ್ ಹೇಳಿದರು.

ಡೆನಿಸ್ ಅವರ ದೋಣಿ ನಮ್ಮ ಡಾಕಿನ ಕಡೆಗೆ ಬಂತು. ಅವರು ಎಸೆದ ರಬ್ಬರಿನ ಕಪ್ಪೆ ಗೂಡಿನಿಂದ ಮಾರು ದೂರದಲ್ಲಿ ಪಚಕ್ಕನೆ ಬಿತ್ತು.

“ಹೋಯ್!” ಎಂದು ಭಟ್ಟ ಕೋಲು ನೆಟ್ಟಗೆ ಎತ್ತಿ ನಿಂತ. “ಹೋಯ್, ಡೆನಿಸಣ್ಣ! ಅಲ್ಲಿ ಬೇಡ! ಆ ಕಡೆ, ಆ ಕಡೆ!”

ಡೆನಿಸ್ ಅವರಿಗೆ ಕನ್ನಡ ಬಾರದು. ಆದರೆ ಅಷ್ಟು ಉದ್ದದ ಕೋಲಿಗೆ ಭಾಷೆ ಬೇಕಾಗಿರಲಿಲ್ಲ. ಸಾರಿ, ಸಾರಿ ಎನ್ನುತ್ತಾ ದೋಣಿ ತಿರುಗಿಸಿದರು. ಹೋಗುವಾಗ ಕೈಬೀಸಿದರು.

“ಇವತ್ತು ಹಿಡಿದರೆ ತಪ್ಪಲ್ಲವಾ ಸರ್?” ಎಂದು ಕೇಳಿದೆ.

“ಕಾನೂನಿನ ಪ್ರಕಾರ ಅಲ್ಲ.”

“ಮರಿಗಳು ಇನ್ನೂ ಚದುರಲಿಲ್ಲ.”

“ಇಲ್ಲ.”

“ಮತ್ತೆ?”

“ಮೀನುಗಳು ಕ್ಯಾಲೆಂಡರ್ ನೋಡುವುದಿಲ್ಲ, ಹನೀಫ್. ಒಂದು ದಿನವನ್ನು ಯಾರಾದರೂ ಗೊತ್ತು ಮಾಡಬೇಕಲ್ಲ,” ಎಂದರು. ಅವರ ಮುಖದಲ್ಲಿಯೂ ನನ್ನದೇ ಗೊಂದಲ ಕಂಡು ನನಗೆ ಸ್ವಲ್ಪ ಸಮಾಧಾನವಾಯಿತು. ಡಾಕಿನ ಬುಡದಲ್ಲಿ ಕುರ್ಚಿ ಹಾಕಿ, ಭಟ್ಟನನ್ನು ಕೋಲು ಸಮೇತ ಅಲ್ಲಿ ಕೂರಿಸಿ, ನಾವಿಬ್ಬರೂ ದೋಣಿಯಲ್ಲಿ ಹೊರಟೆವು.

ಸೀಸನ್ನಿನ ಮೊದಲ ಎಸೆತ ಅತಿಥಿಯದು, ಅದು ಅವರ ಪದ್ಧತಿ. ಹೊಳೆಯುವ ಗಾಳದ ರಾಡನ್ನು ನನ್ನ ಕೈಗೆ ಕೊಟ್ಟು, ನೀರಿಗೆ ಬಿದ್ದ ಮರವೊಂದನ್ನು ತೋರಿಸಿದರು. “ಆ ಕೊಂಬೆಯ ಕೆಳಗೆ. ಖಂಡಿತ ಇದೆ.”

ನೋಡಿದೆ. ಕೊಂಬೆಯ ಕೆಳಗೆ ಹಸಿರು ನೆರಳೊಂದು ಇತ್ತು. ಅದು ತಿರುಗಾಡಲು ಬಂದದ್ದೋ, ಯಾರನ್ನಾದರೂ ಕಾಯುತ್ತಾ ನಿಂತದ್ದೋ, ಮೇಲಿನಿಂದ ನೋಡಿದವನಿಗೆ ಹೇಗೆ ಗೊತ್ತಾಗಬೇಕು? ನಾನು ರಾಡನ್ನು ತಿರುಗಿಸಿ ಕೆರೆಯ ನಡುವಿಗೆ, ಏನೂ ಇಲ್ಲವೆಂದು ಅವರೇ ಹೇಳಿದ್ದ ಕಡೆಗೆ, ನನ್ನ ಶಕ್ತಿಯಿದ್ದಷ್ಟು ದೂರ ಎಸೆದೆ. ಮೀನು ಇಲ್ಲದ ಜಾಗ ನೋಡಿ ಗಾಳ ಹಾಕಿದವರು ನಮ್ಮ ಮನೆತನದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಅದರಲ್ಲಿಯೂ ನಾನೇ ಮೊದಲಿಗ.

“ಒಳ್ಳೆಯ ಎಸೆತ,” ಎಂದರು ವಾಲ್ಟರ್ ಸರ್, ಅಷ್ಟೆ. ಆಮೇಲೆ ಅವರೇ ಒಂದೆರಡು ಹಿಡಿದರು, ಬಿಟ್ಟರು. ಯಾಕೆ ಹಿಡಿಯುತ್ತಾರೆಂದು ನನಗೆ ಕೊನೆಗೂ ಅರ್ಥವಾಗಲಿಲ್ಲ. ಬಿಡುವಾಗ ಅವರ ಮುಖ ನೋಡಲು ಚಂದವಿತ್ತು ಎಂಬುದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮನೆಗೆ ಬಂದಾಗ ಭಟ್ಟ ತನ್ನ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಗುರುವಾರದ್ದು. ಸೊಂಟದ ಮಟ್ಟದ ನೀರಿನಲ್ಲಿ, ಪೊರಕೆ ಎತ್ತಿ ಹಿಡಿದು, ಬಾಯಿ ತೆರೆದು ನಿಂತಿದ್ದೇನೆ. “ಇದನ್ನು ನಿನ್ನ ಉಪ್ಪನಿಗೆ ಕಳಿಸಿದೆ,” ಎಂದ.

“ಯಾಕೆ ಕಳಿಸಿದ್ದು!”

“ನೀನು ಇನ್ನೊಂದನ್ನು ಕಳಿಸುವುದಿಲ್ಲ ಅಂತ ಗೊತ್ತಿತ್ತು. ಅವರು ಕಾಯ್ತಾ ಇರುವುದಿಲ್ಲವಾ?”

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಪರದೆಯ ತುಂಬ ಉಪ್ಪನ ಗಡ್ಡ. ಫೋನು ಹಿಡಿಯುವುದು ಅವರಿಗೆ ಯಾವಾಗಲೂ ಹಾಗೆಯೇ. ಹಿಂದೆ ಶಿರಿಯದ ಮಳೆ ಸುರಿಯುವ ಸದ್ದು.

“ಇದೆಂತ ಮೋನೇ? ಮೀನು ಹಿಡಿಯಲಿಕ್ಕೆ ಅಂತ ಹೋಗಿ ಕೆರೆ ಗುಡಿಸುವುದಾ?”

“ಗುಡಿಸುವುದಲ್ಲ ಉಪ್ಪ. ಕಾಯುವುದು.”

“ಎಂತದನ್ನು?”

“ಮೀನಿನ ಮರಿಗಳನ್ನು.”

“ಅವುಗಳ ಉಪ್ಪ ಎಲ್ಲಿ ಹೋಗಿದ್ದ?”

“ಬಕೆಟಿನಲ್ಲಿದ್ದ. ನಾನೇ ಹಿಡಿದದ್ದು. ನಿಮ್ಮ ಬಾಟಲಿಯಲ್ಲಿ.”

ಉಪ್ಪ ನಕ್ಕರು. ನನ್ನ ಪುಸ್ತಕದಲ್ಲಿ ಮೀನಿನ ಚಿತ್ರ ಕಂಡಾಗ ನಕ್ಕಂತೆಯೇ, ಕೆಮ್ಮು ಬರುವವರೆಗೆ. ಕೆಮ್ಮು ನಿಂತ ಮೇಲೆ ಫೋನನ್ನು ಇನ್ನೂ ಹತ್ತಿರ ತಂದರು.

“ಬಿಟ್ಟೆಯಲ್ಲ?”

“ಬಿಟ್ಟೆವು.”

“ವಾಪಸ್ ಬಂತಾ ಮರಿಗಳ ಹತ್ತಿರ?”

“ಬಂತು ಉಪ್ಪ. ಮರುದಿನ ಬೆಳಿಗ್ಗೆ ಅಲ್ಲೇ ಇತ್ತು. ನನ್ನನ್ನೇ ಅಟ್ಟಲಿಕ್ಕೆ ಬಂತು.”

“ಹಾಂ, ಬರ್ತದೆ,” ಎಂದರು ಉಪ್ಪ. “ಬರದೆ ಎಲ್ಲಿಗೆ ಹೋಗ್ತದೆ.”